ಹಾಡುವ ವಿಮಾನ

ಯಾದಗಿರಿಯಿಂದ ಹೊರಟು, ಭೀಮಾನದಿಯನ್ನು ದಾಟಿ, ಶಹಾಪುರದ ಬೆಟ್ಟಸಾಲಿನ ಮೇಲೆ ಹಾಯ್ದು, ಸುರಪುರದ ಗುಡ್ಡವನ್ನು ಒಂದು ಸುತ್ತು ಹಾಕಲು ಎಷ್ಟು ಹೊತ್ತು ಬೇಕಾದೀತು? ಪುಟ್ಟ ವಿಮಾನವೊಂದಿದ್ದರೆ ಇಪ್ಪತ್ತು ನಿಮಿಷ ಸಾಕು. ಗಂಟೆಗೆ 185 ಕಿಲೋಮೀಟರು ವೇಗದಲ್ಲಿ ಹಾರುವ ವಿಮಾನವು ನೇರದಾರಿಯಲ್ಲಿ ಹನ್ನೊಂದು ನಿಮಿಷಕ್ಕೆ ಶಹಾಪುರವನ್ನೂ, ಅಲ್ಲಿಂದ ಏಳೆಂಟು ನಿಮಿಷಕ್ಕೆ ಸುರಪುರವನ್ನೂ ಮುಟ್ಟಬಲ್ಲುದು. ಆದರೆ ಈ ಮೂರು ಊರುಗಳಲ್ಲಿ ಒಂದರಲ್ಲಿಯೂ ವಿಮಾನ ನಿಲ್ದಾಣವಿಲ್ಲ. ನೆರೆಯ ಕಲಬುರಗಿಯಲ್ಲಿ 2019ರ ನವೆಂಬರ್ 22ರಂದು ನಿಲ್ದಾಣವೊಂದು ಉದ್ಘಾಟನೆಯಾಯಿತು. ಇನ್ನೂ ಉತ್ತರಕ್ಕೆ ಬೀದರದಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ. ಆಕಾಶದಲ್ಲಿ ಚಿತ್ತಾರ ಬಿಡಿಸುವ ‘ಸೂರ್ಯಕಿರಣ’ ತಂಡವು 1996ರಲ್ಲಿ ಜನ್ಮತಾಳಿದ್ದು ಅಲ್ಲಿಯೇ. ಉಳಿದಂತೆ ಈ ಭಾಗದ ಹೆಚ್ಚಿನ ಮಕ್ಕಳಿಗೆ ವಿಮಾನವೆಂದರೆ ಬಹು ಎತ್ತರದಲ್ಲಿ ಸಾಗುವ ಬೆಳ್ಳಿಯ ಚುಕ್ಕೆ. ಅದು ಕಣ್ಮರೆಯಾದ ಮೇಲೆ ನಿಧಾನವಾಗಿ ಕೇಳಿಬರುವ ಮೊರೆತ.

ಇಂತಹ ಊರಿನ ಹುಡುಗನೂ ಮನೆಯ ಕಂಪ್ಯೂಟರಿನ ಮುಂದೆ ಕುಳಿತು ವಿಮಾನವನ್ನು ನಡೆಸಬಹುದು. ‘ಫ್ಲೈಟ್‌ಗೇರ್’ ಎಂಬ ಆಟ ಅದಕ್ಕೆ ಒಳ್ಳೆಯ ಸಾಧನ. ಆಟವೆಂದು ಕರೆದರೂ ಅದು ನಿಜವಾದ ಹಾರಾಟದ ಅನುಕರಣ. ಗಾಳಿಯ ಒತ್ತಡ, ರೆಕ್ಕೆಯ ಓರೆ, ಎಂಜಿನ್ನಿನ ಸುತ್ತು, ಇವೆಲ್ಲ ಅಲ್ಲಿ ಲೆಕ್ಕದಂತೆ ನಡೆಯುತ್ತವೆ. 1996ರಲ್ಲಿ ಯೋಜನೆಯಾಗಿ ಆರಂಭವಾಗಿ ಮರುವರ್ಷವೇ ಹೊರಬಂದ ಇದನ್ನು ಹಲವು ದೇಶಗಳ ಉತ್ಸಾಹಿಗಳು ಸೇರಿ ಬೆಳೆಸಿದ್ದಾರೆ. ಬೆಲೆ ಇಲ್ಲ. ಅದಕ್ಕಿಂತಲೂ ಮುಖ್ಯವಾಗಿ, ಒಳಗಿನ ಒಂದೊಂದು ಭಾಗವನ್ನೂ ಬಿಚ್ಚಿ ನೋಡಲು, ತಿದ್ದಲು, ತಿದ್ದಿದ್ದನ್ನು ಇತರರಿಗೆ ಹಂಚಲು ಅನುಮತಿಯಿದೆ. ಇಡೀ ಭೂಮಂಡಲದ ಏರುತಗ್ಗುಗಳು ಅದರಲ್ಲಿ ಅಡಕವಾಗಿವೆ. ಶಹಾಪುರದ ಬೆಟ್ಟದಲ್ಲಿ ಮಲಗಿದ ಬುದ್ಧನ ಮೂಗು ಗಲ್ಲಗಳನ್ನು ಆ ಒರಟು ಅಳತೆಯಲ್ಲಿ ನಿರೀಕ್ಷಿಸಬಾರದು, ಅಷ್ಟೆ.

ಸಿದ್ಧವಾದ ಆಟವೊಂದನ್ನು ಆಡುವವರೇ ತಮಗೆ ಬೇಕಾದಂತೆ ಮಾರ್ಪಡಿಸುವುದಕ್ಕೆ ‘ಮಾಡ್’ ಮಾಡುವುದೆಂದು ಹೆಸರು. ಈ ಹವ್ಯಾಸಕ್ಕೆ ದೊಡ್ಡ ಬಾಗಿಲು ತೆರೆದುದು 1993ರಲ್ಲಿ ಬಂದ ‘ಡೂಮ್’. ಅದರ ನಿರ್ಮಾಪಕರು ಆಟದ ಯಂತ್ರಭಾಗವನ್ನು ಒಂದೆಡೆಗೂ, ಚಿತ್ರ ಮತ್ತು ಧ್ವನಿಗಳನ್ನು ಇನ್ನೊಂದೆಡೆಗೂ ಬೇರ್ಪಡಿಸಿಟ್ಟರು; ಹೀಗಾಗಿ ಯಾರು ಬೇಕಾದರೂ ಎರಡನೆಯದನ್ನು ಬದಲಿಸುವಂತಾಯಿತು. 1999ರಲ್ಲಿ ಇಬ್ಬರು ತರುಣರು ಬೇರೊಂದು ಆಟವನ್ನು ತಿದ್ದಿ ‘ಕೌಂಟರ್-ಸ್ಟ್ರೈಕ್’ ಮಾಡಿದರು. ಮೂಲ ಆಟದ ಸಂಸ್ಥೆಯೇ ಮರುವರ್ಷ ಅದನ್ನು ಕೊಂಡುಕೊಂಡಿತು. ವಿಮಾನಕ್ಕೂ ಸಂಗೀತಕ್ಕೂ ಗಂಟುಹಾಕಿದ ಪ್ರಸಿದ್ಧ ಆಟ ‘ಬ್ಯಾಟಲ್‌ಫೀಲ್ಡ್ ವಿಯೆಟ್ನಾಂ’, 2004ರದು. ಅದರಲ್ಲಿ ಹೆಲಿಕಾಪ್ಟರಿನಿಂದ ಹಾಡು ಮೊಳಗಿಸಬಹುದು, ಅದು ಕೆಳಗಿನ ಶತ್ರುವಿಗೂ ಕೇಳಿಸುವುದು. ಆಡುವವನು ತನ್ನ ಹಾಡಿನ ಫೈಲನ್ನು ಗೊತ್ತಾದ ಫೋಲ್ಡರಿನಲ್ಲಿ ಇಟ್ಟರೆ ಅದೂ ಮೊಳಗುವುದು. ಇದರ ಮೂಲ 1979ರ ‘ಅಪೊಕ್ಯಾಲಿಪ್ಸ್ ನೌ’ ಚಲನಚಿತ್ರದಲ್ಲಿದೆ. ಹೆಲಿಕಾಪ್ಟರುಗಳ ಹಿಂಡು ಹಳ್ಳಿಯೊಂದರ ಮೇಲೆ ಎರಗುವಾಗ ಜರ್ಮನ್ ಸಂಗೀತಗಾರ ವ್ಯಾಗ್ನರನ ವಾದ್ಯಘೋಷ ಕೇಳಿಬರುವ ಆ ದೃಶ್ಯವನ್ನು ಕಂಡವರು ಮರೆಯಲಾರರು. ಅಲ್ಲಿ ಸಂಗೀತವು ಭಯಪಡಿಸುವ ಆಯುಧ. ಸುರಪುರದ ಆಕಾಶದಲ್ಲಿ ಅದರ ಅಗತ್ಯವಿಲ್ಲ.

ಫ್ಲೈಟ್‌ಗೇರಿನಲ್ಲಿ ಪ್ರತಿಯೊಂದು ವಿಮಾನಕ್ಕೂ ಒಂದು ಫೋಲ್ಡರುಂಟು. ಅದರೊಳಗೆ ಎಂಜಿನ್ನಿನ ಮೊರೆತ, ಚಕ್ರದ ಕಿರುಗುಟ್ಟು, ಗಾಳಿಯ ಸುಯ್ಯೆನ್ನುವಿಕೆ ಮೊದಲಾದ ಧ್ವನಿಗಳು ‘ವೇವ್’ ಎಂಬ ಬಗೆಯ ಫೈಲುಗಳಲ್ಲಿರುತ್ತವೆ. ಇವನ್ನು ಯಾವಾಗ, ಎಷ್ಟು ಜೋರಾಗಿ, ಯಾವ ಸ್ಥಾಯಿಯಲ್ಲಿ ಕೇಳಿಸಬೇಕೆಂಬ ಅಪ್ಪಣೆಗಳೆಲ್ಲ ಒಂದು ಪಟ್ಟಿಯಲ್ಲಿ ಬರೆದಿರುತ್ತವೆ. ಅದು ಸಾಮಾನ್ಯ ಬರಹದ ಫೈಲು. ಅಡಿಗೆಮನೆಯ ಸಾಮಾನಿನ ಪಟ್ಟಿಯಂತೆ ಯಾರಾದರೂ ತೆರೆದು ಓದಬಹುದು. ಒಂದೊಂದು ಧ್ವನಿಗೂ ಒಂದು ಹೆಸರು, ಫೈಲಿನ ವಿಳಾಸ, ಒಮ್ಮೆ ಮಾತ್ರ ಬಾರಿಸಬೇಕೋ ಸುತ್ತಿ ಸುತ್ತಿ ಬಾರಿಸಬೇಕೋ ಎಂಬ ಸೂಚನೆ, ಬಾರಿಸಲು ಇರಬೇಕಾದ ಷರತ್ತು, ಇಷ್ಟು ಮುಖ್ಯ. ಹಾಡು ಸೇರಿಸುವುದೆಂದರೆ ಈ ಪಟ್ಟಿಯಲ್ಲಿ ಇನ್ನೊಂದು ನಮೂದು ಬರೆಯುವುದು. ಮೈಕ್ರೋಸಾಫ್ಟ್ ಸಂಸ್ಥೆ 1982ರಿಂದ ಹೊರತರುತ್ತ ಬಂದ ಹಾರಾಟದ ಆಟದಲ್ಲಿಯೂ, ಮುಖ್ಯವಾಗಿ ಅದರ 2006ರ ಆವೃತ್ತಿಯಲ್ಲಿ, ಏರ್ಪಾಡು ಬಹುಮಟ್ಟಿಗೆ ಹೀಗೆಯೇ ಇತ್ತು.

ಕೆಲಸ ಇಷ್ಟು ಸುಲಭವಾದರೆ ಬರೆಯುವುದೇನು ಉಳಿಯಿತು? ತೊಡಕು ಇನ್ನು ಮುಂದಿದೆ.

ಹೊಸಬರು ಸಾಮಾನ್ಯವಾಗಿ ಎಂಜಿನ್ನಿನ ನಮೂದನ್ನೇ ನಕಲು ಮಾಡಿ, ಫೈಲಿನ ಹೆಸರನ್ನು ಮಾತ್ರ ಬದಲಿಸುವುದುಂಟು. ಎಂಜಿನ್ನಿನ ಧ್ವನಿಗೆ ಅದರ ಸುತ್ತಿನ ವೇಗವೇ ಆಧಾರ. ಸುತ್ತು ಹೆಚ್ಚಿದಂತೆ ಸ್ವರವೂ ಏರಬೇಕು. ಈಗ ಆ ಜಾಗದಲ್ಲಿ ಹಾಡು ಕುಳಿತಿದೆ! ವಿಮಾನ ಓಡತೊಡಗಿದಂತೆ ಗಾಯಕರು ಕೀಚಲು ದನಿಯಲ್ಲಿ ಓಡುತ್ತಾರೆ. ವೇಗ ಇಳಿಸಿದೊಡನೆ, ಕೀಲಿ ಕೊಡಲು ಮರೆತ ಗ್ರಾಮಫೋನಿನಂತೆ, ನರಳುತ್ತ ಕೆಳಗಿಳಿಯುತ್ತಾರೆ. ಎಷ್ಟು ದೊಡ್ಡ ವಿದ್ವಾಂಸರಾದರೂ ಈ ಅವಮಾನದಿಂದ ಪಾರಾಗಲಾರರು. ಆದ್ದರಿಂದ ಹಾಡಿನ ನಮೂದಿನಲ್ಲಿ ಸ್ವರದ ಸ್ಥಾಯಿಯನ್ನು ಎಂಜಿನ್ನಿನಿಂದ ಬಿಡಿಸಿ, ಜೋರನ್ನು ಮಾತ್ರ ಅದಕ್ಕೆ ಹೊಂದಿಸಬೇಕು.

ಎರಡನೆಯ ತೊಡಕು ಸುತ್ತಿನದು. ಫೈಲು ಮುಗಿದೊಡನೆ ಮತ್ತೆ ಮೊದಲಿನಿಂದ ಆರಂಭವಾಗುವಾಗ ಬೆಸುಗೆ ಸರಿಯಾಗದಿದ್ದರೆ ‘ಟಕ್’ ಎಂಬ ಸದ್ದು. ಪ್ರತಿ ಸಲವೂ ಅದೇ ಸದ್ದು. ಇದಕ್ಕೆ ಪರಿಹಾರ ನಮ್ಮ ತಬಲಾ ವಾದಕರಿಗೆ ಹಿಂದಿನಿಂದಲೂ ಗೊತ್ತು. ತೀನ್‌ತಾಲದಲ್ಲಿ ಹದಿನಾರು ಮಾತ್ರೆ. ನಿಮಿಷಕ್ಕೆ 120 ಮಾತ್ರೆಯ ಲಯದಲ್ಲಿ ಒಂದು ಆವರ್ತನಕ್ಕೆ ಸರಿಯಾಗಿ ಎಂಟು ಸೆಕೆಂಡು. ಕಂಪ್ಯೂಟರು ಧ್ವನಿಯನ್ನು ಸೆಕೆಂಡಿಗೆ 44,100 ತುಣುಕುಗಳಾಗಿ ಅಳೆದಿಡುವುದಾದರೆ ಎಂಟು ಸೆಕೆಂಡಿಗೆ 3,52,800 ತುಣುಕು. ಸಮ್ಮಿನಿಂದ ಸಮ್ಮಿಗೆ ಅಷ್ಟನ್ನೇ ಕತ್ತರಿಸಿ, ಕೊನೆಯ ಅಲೆಯೂ ಮೊದಲ ಅಲೆಯೂ ಕೂಡುವಂತೆ ನೋಡಿಕೊಂಡರೆ, ಆವರ್ತನದ ಮೇಲೆ ಆವರ್ತನ ಬೆಸೆದುಕೊಂಡು ಎಷ್ಟು ಹೊತ್ತು ಬೇಕಾದರೂ ಸಾಗುವುದು. ಹೀಗೆ ಕತ್ತರಿಸುವ ಕೆಲಸಕ್ಕೆ ‘ಆಡಾಸಿಟಿ’ ಎಂಬ ಉಚಿತ ಸಾಧನ ಸಾಕಾಗುವುದು. ಒಂದು ಎಚ್ಚರಿಕೆಯುಂಟು. ಧ್ವನಿಯನ್ನು ಎಡ-ಬಲವೆಂದು ಎರಡು ಪಾಲು ಮಾಡದೆ ಒಂದೇ ಪಾಲಿನಲ್ಲಿ ಇಡಬೇಕು. ಎರಡು ಪಾಲಿನ ಹಾಡು ವಿಮಾನದಿಂದ ಬಂದಂತೆ ಕೇಳದೆ, ಕೇಳುವವರ ತಲೆಯೊಳಗೇ ನುಡಿದಂತಾಗುವುದು.

ಶ್ರುತಿಯ ವಿಚಾರ ಇನ್ನೂ ಸ್ವಾರಸ್ಯವಾದುದು. ಫ್ಲೈಟ್‌ಗೇರಿನಲ್ಲಿ ಹೊಸಬರ ಕೈಗೆ ಮೊದಲು ಸಿಗುವ ವಿಮಾನ ಸೆಸ್ನಾ 172. ಇದರ ಮೂತಿಯಲ್ಲಿ ಎರಡು ಅಲಗಿನ ಪ್ರೊಪೆಲ್ಲರು. ನಿಮಿಷಕ್ಕೆ 2,400 ಸುತ್ತು ಎಂದರೆ ಸೆಕೆಂಡಿಗೆ 40. ಅಲಗು ಎರಡಾದ್ದರಿಂದ ಗಾಳಿಗೆ ಸೆಕೆಂಡಿಗೆ 80 ಪೆಟ್ಟು. ಸೆಕೆಂಡಿಗೆ 80 ಕಂಪನವೆಂದರೆ ಅದು ಒಂದು ಸ್ವರವೇ ಸರಿ! ಪೇಟಿಯ ಮೇಲೆ ಅದನ್ನು ಹುಡುಕಿದರೆ ಮಂದ್ರದಲ್ಲಿ ಕರಿ ಎರಡಕ್ಕೂ ಬಿಳಿ ಮೂರಕ್ಕೂ ಸರಿಯಾಗಿ ನಟ್ಟನಡುವೆ ಬೀಳುವುದು. ಎಂದರೆ ಎಂಜಿನ್ನು ಆ ವೇಗದಲ್ಲಿರುವಷ್ಟು ಹೊತ್ತೂ ಯಾವ ಪೇಟಿಯ ಜೊತೆಗೂ ಕೂಡಲಾರದು. ಸುತ್ತನ್ನು 2,330ರ ಸುಮಾರಿಗೆ ಇಳಿಸಿದರೆ ಕರಿ ಎರಡು ದೊರೆಯುವುದು. 2,080ಕ್ಕೆ ಇಳಿಸಿದರೆ ಕರಿ ಒಂದು, ಎಷ್ಟೋ ಗಾಯಕರ ಷಡ್ಜ. ಆಟದಲ್ಲಿ ಎಂಜಿನ್ನಿನ ನಿಜವಾದ ಧ್ವನಿಮುದ್ರಣವನ್ನೇ ಬಳಸಿದ್ದರೆ ಈ ಲೆಕ್ಕ ಅಲ್ಲಿಯೂ ಹೊಂದುತ್ತದೆ. ವೈಮಾನಿಕನು ವೇಗದ ಗುಂಡಿಯನ್ನು ಮೆಲ್ಲನೆ ಒಳಕ್ಕೆ ಒತ್ತಿ ಹೊರಕ್ಕೆ ಎಳೆದು, ತಂಬೂರಿಯ ಬಿರಡೆ ತಿರುಗಿಸಿದಂತೆ, ವಿಮಾನವನ್ನು ಹಾಡಿಗೆ ಶ್ರುತಿಮಾಡಬಹುದು. ಹಾಡಿಗಾಗಿ ತುಸು ನಿಧಾನವಾಗಿ ಹಾರಬೇಕಾದೀತು; ಸುರಪುರ ಎಲ್ಲಿಗೂ ಓಡಿಹೋಗುವುದಿಲ್ಲ.

ಇಲ್ಲಿಗೆ ಬಂದ ಮೇಲೆ ಒಂದು ಪ್ರಶ್ನೆ ಏಳುವುದು ಸಹಜ. ಯಂತ್ರದ ಮೊರೆತದ ಮೇಲೆ ಹಾಡನ್ನು ಕೂಡಿಸುವ ಯೋಚನೆ ಅಷ್ಟು ಹೊಸದೆ? ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು ಇದನ್ನೇ ತಲೆಮಾರುಗಳಿಂದ ಮಾಡಿಕೊಂಡು ಬಂದರಲ್ಲವೆ? ಕಲ್ಲಿನ ಗುಂಯ್‌ಗುಡುವ ನಾದವೇ ಶ್ರುತಿ, ಗೂಟ ಹಿಡಿದು ತಿರುಗಿಸುವ ಸುತ್ತೇ ತಾಳ, ಅದರ ಮೇಲೆ ತ್ರಿಪದಿ. ಬೆಳಗಿನ ಜಾವ ಮನೆಯವರೆಲ್ಲ ಮಲಗಿರುವಾಗ ತವರು, ಕೂಸು, ಮಲ್ಲಯ್ಯ ಎಲ್ಲರೂ ಆ ಪದಗಳಲ್ಲಿ ಬಂದು ಹೋಗುತ್ತಿದ್ದರು. ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು. ಅದರೊಡನೆ ಹಾಡುವ ಸಂದರ್ಭವೂ ಹೋಯಿತು. ಯಾದಗಿರಿಯ ಪಕ್ಕದಲ್ಲಿ ಹರಿಯುವ ಭೀಮೆಯ ಮೇಲ್ಭಾಗದ ದಂಡೆಯಲ್ಲಿಯೇ ಹಲಸಂಗಿ ಇದೆ. ಅಲ್ಲಿಯ ಗೆಳೆಯರ ಗುಂಪು ಇಂತಹ ಪದಗಳನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ತಂದಿತು. ಅದರಿಂದ ಮಾತು ಉಳಿಯಿತು. ಆದರೆ ಧಾಟಿಯನ್ನು ಅಚ್ಚಿನ ಮೊಳೆ ಹಿಡಿಯಲಾರದು. ಅದು ಹಾಡಿದವರ ಕಂಠದಲ್ಲಿಯೇ ಇದೆ, ಆ ಕಂಠಗಳು ಈಗ ಮುಪ್ಪಾಗಿವೆ.

ವಿಮಾನಕ್ಕೆ ಯಾವ ಹಾಡು ಎಂದು ಯೋಚಿಸುವ ಹುಡುಗನು ಚಿತ್ರಗೀತೆಯನ್ನು ಹುಡುಕಿ ಹೋಗುವುದು ಸ್ವಾಭಾವಿಕ. ಆದರೆ ಅದೇ ಮನೆಯಲ್ಲಿ ಅಜ್ಜಿಯೊಬ್ಬಳಿದ್ದು, ಅವಳಿಗೆ ನಾಲ್ಕು ಬೀಸುವ ಪದ ನೆನಪಿದ್ದರೆ, ಅವನ್ನು ಮೊದಲು ಫೋನಿನಲ್ಲಿ ಹಿಡಿದಿಡುವುದು ಮೇಲು. ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿಟ್ಟು, ಸಾಧ್ಯವಾದರೆ ಕಲ್ಲನ್ನು ಹೊರತೆಗೆದು ಅವಳ ಕೈಗೆ ಗೂಟವನ್ನು ಕೊಡಬೇಕು. ಕಲ್ಲಿಲ್ಲದೆ ಹಾಡೆಂದರೆ ಎಷ್ಟೋ ಜನಕ್ಕೆ ಎರಡನೆಯ ಸಾಲು ನೆನಪಿಗೆ ಬರುವುದಿಲ್ಲ. ಫೋನು ಕೊಡುವ ಫೈಲನ್ನು ವೇವ್ ಬಗೆಗೆ ಬದಲಿಸಿಕೊಂಡರೆ ವಿಮಾನಕ್ಕೆ ಅದು ಸಿದ್ಧ. ಆಟ ನಾಳೆ ಬೇಸರವಾದರೂ ಧ್ವನಿಯ ಮೂಲಪ್ರತಿ ಮನೆಯಲ್ಲಿ ಉಳಿಯುವುದು. ಅಜ್ಜಿಯನ್ನು ಕೇಳದೆ ಮುದ್ರಿಸಿಕೊಳ್ಳುವುದಾಗಲಿ, ಮುದ್ರಿಸಿದ್ದನ್ನು ಅವಳಿಗೆ ಹೇಳದೆ ಊರಿಗೆಲ್ಲ ಹಂಚುವುದಾಗಲಿ ಸಲ್ಲದು.

ಹಂಚುವ ಮಾತು ಬಂದುದರಿಂದ ಕಾನೂನನ್ನೂ ತಿಳಿದಿರುವುದು ಒಳ್ಳೆಯದು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಿಕೆಯೊಂದರ ಹಕ್ಕು, ಅದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಕಡಕೋಳ ಮಡಿವಾಳಪ್ಪನವರ ತತ್ವಪದ ಎಲ್ಲರ ಸೊತ್ತು. ಆದರೆ ಅದನ್ನು ಇತ್ತೀಚೆಗೆ ಹಾಡಿ ಮಾರಾಟಕ್ಕಿಟ್ಟ ಮುದ್ರಿಕೆ ಎಲ್ಲರ ಸೊತ್ತಲ್ಲ. ಅಂತಹ ಮುದ್ರಿಕೆಯನ್ನು ವಿಮಾನದ ಫೋಲ್ಡರಿನಲ್ಲಿಟ್ಟು ಲೋಕಕ್ಕೆಲ್ಲ ಹಂಚುವಂತಿಲ್ಲ. ತಾವೇ ಹಾಡಿಕೊಂಡರೆ ಈ ತಂಟೆಯೇ ಇಲ್ಲ.

ಕೊನೆಯದಾಗಿ, ಆದರೆ ಎಲ್ಲಕ್ಕಿಂತ ಗಂಭೀರವಾಗಿ, ಮರೆಯಬಾರದ ಇನ್ನೊಂದು ಧ್ವನಿಯಿದೆ. ವಿಮಾನದ ಮೂತಿ ಅತಿಯಾಗಿ ಮೇಲೆದ್ದು ವೇಗ ತಗ್ಗಿದರೆ ರೆಕ್ಕೆಗೆ ಎತ್ತುವ ಶಕ್ತಿ ಹೋಗಿ ವಿಮಾನ ಕುಸಿಯುವುದು. ಸೆಸ್ನಾ 172ರಲ್ಲಿ ಇದನ್ನು ಮುನ್ನವೇ ತಿಳಿಸಲು ಎಡರೆಕ್ಕೆಯ ಮುಂಚೂಣಿಯಲ್ಲಿ ಒಂದು ರಂಧ್ರವಿದೆ. ಕುಸಿತ ಸಮೀಪಿಸಿದಾಗ ಗಾಳಿ ಆ ರಂಧ್ರದ ಕಡೆಗೆ ಸೆಳೆದುಕೊಂಡು, ಒಳಗಿನ ಪುಟ್ಟ ರೀಡನ್ನು ನುಡಿಸುವುದು. ಪೇಟಿಯ ರೀಡಿನ ಜಾತಿಯದೇ ಅದು. ವಿದ್ಯುತ್ತಿನ ಹಂಗೂ ಇಲ್ಲ. ಕುಸಿತಕ್ಕೆ ಐದರಿಂದ ಹತ್ತು ನಾಟ್ ಮೊದಲೇ ಕೂಗತೊಡಗುವ ಈ ದನಿ ಎಷ್ಟೋ ಜೀವಗಳನ್ನು ಉಳಿಸಿದೆ. ಮನೆಯ ಆಟದಲ್ಲಿ ಹಾರಲು ಕಲಿತು ಮುಂದೆ ಬೆಂಗಳೂರಿನ ಜಕ್ಕೂರಿನಂತಹ ತರಬೇತಿ ಶಾಲೆಗೆ ಸೇರಬಯಸುವ ತರುಣನ ಕಿವಿ ಈ ಕೂಗಿಗೆ ಪಳಗಿರಬೇಕು, ಹಾಡಿನ ಅಬ್ಬರದಲ್ಲಿ ಅದನ್ನು ಕಳೆದುಕೊಳ್ಳುವ ಅಭ್ಯಾಸ ಬೆಳೆಯಬಾರದು. ಅಮೆರಿಕದಲ್ಲಿ 1981ರಿಂದ ಪ್ರಯಾಣಿಕರ ವಿಮಾನಗಳ ಚಾಲಕರು ಹತ್ತು ಸಾವಿರ ಅಡಿಗಿಂತ ಕೆಳಗೆ ಹಾರಾಟಕ್ಕೆ ಸಂಬಂಧಿಸದ ಯಾವ ಕೆಲಸವನ್ನೂ, ಹರಟೆಯನ್ನು ಕೂಡ, ಮಾಡಬಾರದೆಂಬ ನಿಯಮವಿದೆ. ಆಟದ ಪಟ್ಟಿಯಲ್ಲಿ ಇದಕ್ಕೆ ಒಂದೇ ಷರತ್ತು ಸಾಕು: ಎಚ್ಚರಿಕೆಯ ರೀಡು ನುಡಿಯುತ್ತಿರುವಾಗ ಹಾಡು ನಿಲ್ಲತಕ್ಕದ್ದು. ಗಾಯಕರು ಆಲಾಪನೆಗೆ ಬಾಯಿ ತೆರೆದೊಡನೆ ಪಕ್ಕವಾದ್ಯದವರು ಕೈ ತಗ್ಗಿಸುವಂತೆಯೇ ಇದು.

ಸುರಪುರದಲ್ಲಿ ಮೆಡೋಸ್ ಟೇಲರನ ಬಂಗಲೆ ಇರುವ ಗುಡ್ಡವನ್ನು ಸುತ್ತಿ ಉತ್ತರಕ್ಕೆ ತಿರುಗಿದರೆ ಮುಂದೆ ಕಲಬುರಗಿಯ ಓಟದ ಹಾದಿ. ಇಳಿಯುವಾಗ ವೇಗದ ಗುಂಡಿಯನ್ನು ಪೂರ್ತಿ ಹಿಂದಕ್ಕೆಳೆಯುತ್ತಾರೆ. ಎಂಜಿನ್ನಿನ ಶ್ರುತಿ ಕೆಳಗಿಳಿದು, ತ್ರಿಪದಿಯೊಂದೇ ಉಳಿಯುವುದು. ನೆಲ ಒಂದೆರಡು ಅಡಿ ಇದೆ ಎನ್ನುವಾಗ ಮೂತಿ ಮೆಲ್ಲನೆ ಮೇಲೇಳುವುದು, ರೆಕ್ಕೆಯ ರೀಡು ನುಡಿಯುವುದು, ಅಜ್ಜಿಯ ಹಾಡು ನಿಲ್ಲುವುದು. ಅನಂತರ ಚಕ್ರಗಳ ಸದ್ದು.