ಆಮೆಗೆ ಯಾವ ಡಾಕ್ಟ್ರು?

ಕಳೆದ ಜುಲೈನ ಒಂದು ರಾತ್ರಿ. ಡೊಂಬಿವಲಿಯಲ್ಲಿ ಎರಡು ದಿನಗಳಿಂದ ಬಿಡದೆ ಮಳೆ. ಮಗಳ ಆಮೆ 'ಪುಟ್ಟ' ತೊಟ್ಟಿಯಲ್ಲಿ ಒಂದು ಬದಿಗೆ ವಾಲಿ ತೇಲುತ್ತಿತ್ತು. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ. ಮೂರು ದಿನದಿಂದ ಏನೂ ತಿಂದಿರಲಿಲ್ಲ. "ಚಳಿಗೆ ಸುಮ್ಮನಿದೆ ಅಷ್ಟೇ" ಎಂದು ಮಗಳ ಬಾಯಿ ಮುಚ್ಚಿಸಿದ್ದವಳು ನಾನೇ.

ಕುಂದಾಪುರಕ್ಕೆ ಫೋನ್ ಮಾಡಿದರೆ ಅಮ್ಮ ನಕ್ಕರು: "ನಮ್ಮ ಬಾವಿಯ ಆಮೆಗೆ ಯಾವ ಡಾಕ್ಟ್ರು ಮಾರಾಯ್ತಿ?" ಆದರೆ ಬಾವಿಯ ಆಮೆ ಬೇರೆ, ಇದು ಬೇರೆ. ಕಣ್ಣಿನ ಹಿಂದೆ ಕೆಂಪು ಪಟ್ಟಿಯಿರುವ ಇದು ರೆಡ್ ಇಯರ್ಡ್ ಸ್ಲೈಡರ್, ಮೂಲತಃ ಅಮೆರಿಕದ್ದು.

ನಾಲ್ಕು ಕ್ಲಿನಿಕ್‌ಗಳಲ್ಲಿ ಒಂದೇ ಉತ್ತರ: "ನಾಯಿ, ಬೆಕ್ಕು ಮಾತ್ರ." ಐದನೆಯವರು ಮುಲುಂಡ್‌ನಲ್ಲಿ ಸರೀಸೃಪಗಳನ್ನು ನೋಡುವ ವೈದ್ಯೆಯ ನಂಬರ್ ಕೊಟ್ಟರು. ಆಕೆ ಫೋನಿನಲ್ಲೇ ಹೇಳಿದರು: ನೀರಿನಿಂದ ತೆಗೆದು, ಗಾಳಿಯಾಡುವ ಡಬ್ಬಿಯಲ್ಲಿ ತೇವದ ಟವೆಲ್ ಮೇಲಿಡಿ. 28–30 ಡಿಗ್ರಿ ಬೆಚ್ಚಗಿರಲಿ. ಬಾಯಿಗೆ ಏನೂ ತುರುಕಬೇಡಿ.

ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬಿಯ ಪಕ್ಕಕ್ಕಿಟ್ಟು ರಾತ್ರಿ ಕಳೆದೆವು. ಬೆಳಿಗ್ಗೆ ಮೊದಲ ಲೋಕಲ್ ಹತ್ತಿದೆವು. "ಸಾಯುತ್ತಾ ಅಮ್ಮ?" ಎಂದಳು ಮಗಳು. ನನ್ನಲ್ಲಿ ಉತ್ತರವಿರಲಿಲ್ಲ.

ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಂಡಿತು. ಆಮೆಯ ಶ್ವಾಸಕೋಶ ಮೇಲ್ಚಿಪ್ಪಿನ ಕೆಳಗೇ ಇರುತ್ತದೆ. ಒಂದು ಬದಿಯಲ್ಲಿ ಸೋಂಕು ತುಂಬಿದರೆ ವಾಲುತ್ತದೆ. ಅದಕ್ಕೆ ತನ್ನದೇ ಮೈಶಾಖವಿಲ್ಲ. ನೀರು ತಣ್ಣಗಾದರೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಔಷಧವೂ ಸರಿಯಾಗಿ ಹಿಡಿಯುವುದಿಲ್ಲ. ಮುಂಗಾಲಿಗೆ ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರು.

ವೈದ್ಯೆ ಹೇಳಿದ ಇನ್ನಷ್ಟು ಮಾತು ನಿಮಗೂ ಇರಲಿ. ಕಣ್ಣು ಊದಿದರೆ, ಚಿಪ್ಪು ಮೆತ್ತಗಾದರೆ, ರಕ್ತ ಬಂದರೆ ಕಾಯಬೇಡಿ. ನಾಯಿಗೆ ಕೊಡುವ ಐವರ್ಮೆಕ್ಟಿನ್ ಆಮೆಗೆ ಪ್ರಾಣಾಂತಿಕ. ತಣ್ಣಗೆ ಅಲುಗಾಡದೆ ಬಿದ್ದಿದ್ದರೂ ಸತ್ತಿದೆ ಎಂದು ನೀವೇ ತೀರ್ಮಾನಿಸಬೇಡಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಸಾಲ್ಮೊನೆಲ್ಲಾ ಅಂಟಬಹುದು. ಸಾಕಲಾಗದಿದ್ದರೂ ಕೆರೆಗೆ ಬಿಡಬೇಡಿ. ನಮ್ಮ ನೆಲದ ಆಮೆಗಳ ಅನ್ನಕ್ಕೆ ಅದು ಸಂಚಕಾರ.

ಮೂರು ವಾರ ಚಿಕಿತ್ಸೆ ನಡೆಯಿತು. ಬಿಲ್ಲು ಆಮೆಯ ಬೆಲೆಯ ಎಷ್ಟೋ ಪಟ್ಟು. ಹದಿನಾರನೆಯ ದಿನ ಪುಟ್ಟ ಒಂದು ಕಾಳು ತಿಂದಿತು. ಈಗ ತೊಟ್ಟಿಯಲ್ಲಿ ಹೀಟರ್ ಇದೆ, ಮೇಲೆ ಯುವಿಬಿ ದೀಪವಿದೆ. ಗಾಜಿನ ಮೇಲೆ ಮಗಳು ವೈದ್ಯೆಯ ನಂಬರ್ ಅಂಟಿಸಿದ್ದಾಳೆ. ಪ್ರಾಣಿ ಮನೆಗೆ ಬಂದ ದಿನವೇ ಅದು ಅಲ್ಲಿರಬೇಕಿತ್ತು.