ಕಿಡಿ ಹಾರುವುದು ಎಷ್ಟನೇ ಡಿಗ್ರಿಗೆ?

ಬೈಕಿನ ಮುಳ್ಳು 6000 ಆರ್‌ಪಿಎಂ ತೋರಿಸುತ್ತಿದ್ದರೆ ಎಂಜಿನ್ನಿನ ಕ್ರ್ಯಾಂಕ್ ನಿಮಿಷಕ್ಕೆ 6000 ಸುತ್ತು ಹಾಕುತ್ತಿದೆ ಎಂದರ್ಥ. ಒಂದು ಸುತ್ತಿಗೆ 360 ಡಿಗ್ರಿ, ಒಂದು ನಿಮಿಷಕ್ಕೆ 60 ಸೆಕೆಂಡು. 360ನ್ನು 60ರಿಂದ ಭಾಗಿಸಿದರೆ 6. ಆರ್‌ಪಿಎಂ ಎಷ್ಟೇ ಇರಲಿ, ಅದನ್ನು ಆರರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗುತ್ತದೆ ಎಂಬುದು ಸಿಕ್ಕಿತು. ಇಲ್ಲಿ ಅದು 36,000. ಒಂದು ಮಿಲಿಸೆಕೆಂಡಿಗೆ, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ, 36 ಡಿಗ್ರಿ.

ಪೆಟ್ರೋಲ್ ಎಂಜಿನ್ನಿನ ಶಕ್ತಿ ನಿಂತಿರುವುದೇ ಈ ಲೆಕ್ಕದ ಮೇಲೆ. ಪ್ಲಗ್ ಕಿಡಿ ಹಾರಿಸಿದ ಮಾತ್ರಕ್ಕೆ ಸಿಲಿಂಡರಿನಲ್ಲಿರುವ ಪೆಟ್ರೋಲ್ ಆವಿಯೆಲ್ಲ ಒಮ್ಮೆಲೇ ಉರಿಯುವುದಿಲ್ಲ. ಜ್ವಾಲೆ ಪ್ಲಗ್ಗಿನ ಬಾಯಿಂದ ಹರಡಿಕೊಂಡು ಹೋಗಬೇಕು, ಅದಕ್ಕೆ ಕೆಲವು ಮಿಲಿಸೆಕೆಂಡು ಹಿಡಿಯುತ್ತದೆ. ಒತ್ತಡ ತುತ್ತತುದಿಗೇರಬೇಕಾದದ್ದು ಪಿಸ್ಟನ್ ಮೇಲೆ ಮುಟ್ಟಿ ಕೆಳಗಿಳಿಯತೊಡಗಿದಾಗ, ಸುಮಾರು 15 ಡಿಗ್ರಿ ದಾಟುವ ಹೊತ್ತಿಗೆ. ಆಗಲೇ ಕ್ರ್ಯಾಂಕಿಗೆ ಒಳ್ಳೆಯ ತಳ್ಳು ಸಿಗುವುದು. ಹಾಗಾಗಿ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಬೇಕು. ಮೆಕ್ಯಾನಿಕ್‌ಗಳು ಇದನ್ನೇ ಟೈಮಿಂಗ್ ಅಡ್ವಾನ್ಸ್ ಎನ್ನುತ್ತಾರೆ.

ಎಷ್ಟು ಮೊದಲು? ಉರಿಯಲು 2 ಮಿಲಿಸೆಕೆಂಡು ಬೇಕೆಂದುಕೊಳ್ಳೋಣ. 1500 ಆರ್‌ಪಿಎಂನಲ್ಲಿ ಅಷ್ಟರೊಳಗೆ ಕ್ರ್ಯಾಂಕ್ ತಿರುಗುವುದು 18 ಡಿಗ್ರಿ. 6000ದಲ್ಲಿ ಅದೇ 2 ಮಿಲಿಸೆಕೆಂಡು 72 ಡಿಗ್ರಿಯಾಗಿಬಿಡುತ್ತದೆ! ನಿಜದಲ್ಲಿ ಅಷ್ಟು ಬೇಕಾಗುವುದಿಲ್ಲ. ಎಂಜಿನ್ ಜೋರಾಗಿ ತಿರುಗಿದಷ್ಟೂ ಒಳಗಿನ ಗಾಳಿ ಸುಳಿಸುಳಿಯಾಗಿ ಕದಡಿ ಜ್ವಾಲೆಯನ್ನು ಬೇಗ ಹರಡುತ್ತದೆ. ಈ ಸುಳಿಗಳು ಇಲ್ಲದಿದ್ದರೆ ವೇಗದ ಎಂಜಿನ್ನುಗಳೇ ಸಾಧ್ಯವಿರಲಿಲ್ಲ. ನನಗೆ ಇಡೀ ಎಂಜಿನ್ನಿನಲ್ಲಿ ಅತ್ಯಂತ ಸೊಗಸಾಗಿ ಕಾಣುವ ಸಂಗತಿ ಇದು. ಆದರೂ ವೇಗ ಹೆಚ್ಚಿದಂತೆ ಕಿಡಿ ಸಾಕಷ್ಟು ಮುಂಚಿತವಾಗಿ ಹಾರಲೇಬೇಕು. ತೀರ ಮುಂಚೆಯಾದರೆ ಎಂಜಿನ್ ಕಟಕಟ ಬಡಿಯುತ್ತದೆ, ಪಿಸ್ಟನ್ನಿಗೇ ಪೆಟ್ಟು. ತಡವಾದರೆ ಎಳೆತ ಕುಗ್ಗಿ ಸೈಲೆನ್ಸರ್ ಕಾಯುತ್ತದೆ.

ಹಳೆಯ ಕಾರುಗಳಲ್ಲಿ ಈ ಹೊಂದಾಣಿಕೆಯನ್ನು ಡಿಸ್ಟ್ರಿಬ್ಯೂಟರಿನೊಳಗಿನ ಪುಟ್ಟ ತೂಕದ ತುಂಡುಗಳು ಮಾಡುತ್ತಿದ್ದವು: ವೇಗ ಏರಿದಂತೆ ಹೊರಕ್ಕೆ ಸರಿದು ಕಿಡಿ ಇನ್ನಷ್ಟು ಮುಂಚಿತವಾಗಿ ಹಾರುವಂತೆ ಮಾಡುತ್ತಿದ್ದವು. ಈಗ ಕಂಪ್ಯೂಟರ್ ಇದೆ. ಅನೇಕ ಕಾರುಗಳಲ್ಲಿ ಕ್ರ್ಯಾಂಕಿನ ಜೊತೆ ತಿರುಗುವ ಹಲ್ಲಿನ ಚಕ್ರದಲ್ಲಿ 60 ಹಲ್ಲುಗಳಿಗೆ ಜಾಗವಿದ್ದು, ಎರಡನ್ನು ಬೇಕೆಂದೇ ಬಿಟ್ಟಿರುತ್ತಾರೆ. ಆ ಖಾಲಿ ಜಾಗ ಸೆನ್ಸರಿನ ಮುಂದೆ ಬಂದಾಗ ಕ್ರ್ಯಾಂಕ್ ಎಲ್ಲಿದೆ ಎಂಬುದು ತಿಳಿಯುತ್ತದೆ. ಹಲ್ಲಿನಿಂದ ಹಲ್ಲಿಗೆ 6 ಡಿಗ್ರಿ; ಅದನ್ನು ದಾಟಲು ಹಿಡಿದ ಸಮಯದಿಂದ ವೇಗ ತಿಳಿದು, ಬೇಕಾದ ಡಿಗ್ರಿಗೆ ಎಷ್ಟು ಮೈಕ್ರೋಸೆಕೆಂಡು ಕಾಯಬೇಕೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ಹೈಸ್ಕೂಲಿನ ಮೇಷ್ಟ್ರುಗಳು ಕೋನದ ಪಾಠ ಮಾಡುವಾಗ ಕೋನಮಾಪಕದ ಜೊತೆಗೆ ಈ ಲೆಕ್ಕವನ್ನೂ ಒಮ್ಮೆ ಮಕ್ಕಳಿಂದ ಮಾಡಿಸಲಿ.