ದುಡಿಯುವ ಶಕ್ತಿಗೂ ವಿಮೆ ಬೇಕು

ವಿಮೆಯೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಗೆ ಜ್ಞಾಪಕಕ್ಕೆ ಬರುವುದು ಮರಣ. ಸಂಸಾರದ ಯಜಮಾನನು ಕಾಲವಾದರೆ ಹೆಂಡತಿ ಮಕ್ಕಳ ಗತಿಯೇನು ಎಂಬ ಚಿಂತೆಯಿಂದಲೇ ನಾವು ಜೀವವಿಮೆ ಮಾಡಿಸುತ್ತೇವೆ. ಮೈಸೂರು ಸಂಸ್ಥಾನವು ತನ್ನ ನೌಕರರಿಗೆ ೧೮೯೧ರಷ್ಟು ಹಿಂದೆಯೇ ಜೀವವಿಮೆಯ ಏರ್ಪಾಟನ್ನು ಮಾಡಿದ್ದುದರಿಂದ ಈ ವಿಚಾರ ನಮ್ಮ ಜನಕ್ಕೆ ಹೊಸದಲ್ಲ. ಆದರೆ ಇದರ ನೆರೆಯಲ್ಲಿಯೇ ಇರುವ ಇನ್ನೊಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಯಜಮಾನನು ಬದುಕಿದ್ದೂ ದುಡಿಯಲಾರದವನಾದರೆ ಆಗೇನು? ವರಮಾನ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ಔಷಧ, ಪಥ್ಯ, ಶುಶ್ರೂಷೆಗಳಿಂದ ಅದು ಹೆಚ್ಚುವುದೇ ಸಹಜ.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ತಿಂಗಳಿಗೆ ೫೦,೦೦೦ ರೂಪಾಯಿ ಸಂಬಳ ಪಡೆಯುವ ೩೫ ವರ್ಷದ ಗೃಹಸ್ಥರೊಬ್ಬರಿದ್ದಾರೆಂದು ಭಾವಿಸಿರಿ. ೬೦ನೆಯ ವರ್ಷದವರೆಗೆ ಅವರು ದುಡಿದರೆ, ಬಡತಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಒಟ್ಟು ಸಂಪಾದನೆ ಒಂದೂವರೆ ಕೋಟಿ ರೂಪಾಯಿಯಾಗುತ್ತದೆ. ವಾಹನಕ್ಕೆ ವಿಮೆ ಮಾಡಿಸುವವರು, ಒಡವೆಯನ್ನು ಬ್ಯಾಂಕಿನ ಪೆಟ್ಟಿಗೆಯಲ್ಲಿಡುವವರು, ಇವೆಲ್ಲಕ್ಕೂ ಮೂಲವಾದ ಈ ಆಸ್ತಿಯನ್ನು ರಕ್ಷಣೆಯಿಲ್ಲದೆ ಬಿಟ್ಟಿರುತ್ತಾರೆ. ದುಡಿಯುವ ಶಕ್ತಿಗೆ ಒದಗುವ ಈ ರಕ್ಷಣೆಗೇ ಅಂಗವೈಕಲ್ಯ ವಿಮೆಯೆಂದು ಹೆಸರು.

ನಮ್ಮ ಬಳಿ ಬೇರೆ ಪಾಲಿಸಿಗಳಿವೆಯಲ್ಲ, ಅವು ಸಾಲವೇ ಎಂದು ಕೆಲವರು ಕೇಳಬಹುದು. ಸಾಮಾನ್ಯವಾದ ಜೀವವಿಮೆಯು ಮರಣಾನಂತರ ಹಣ ಕೊಡುತ್ತದೆ. ಆರೋಗ್ಯವಿಮೆಯು ಆಸ್ಪತ್ರೆಯ ಬಿಲ್ಲನ್ನು ತೀರಿಸುತ್ತದೆಯೇ ಹೊರತು ಮನೆಯ ಬಾಡಿಗೆಯನ್ನಲ್ಲ. ಅಪಘಾತದ ವಿಮೆಯು ಅಪಘಾತದಿಂದಾದ ಹಾನಿಗೆ ಮಾತ್ರ ಸಲ್ಲುತ್ತದೆ. ಪಾರ್ಶ್ವವಾಯುವಿನಿಂದಲೋ ದೀರ್ಘವಾದ ಕಾಯಿಲೆಯಿಂದಲೋ ಹಾಸಿಗೆ ಹಿಡಿದವನಿಗೆ ಅದರಿಂದ ಪ್ರಯೋಜನವಿಲ್ಲ. ಈ ಮೂರರ ನಡುವೆ ಉಳಿಯುವ ತೆರಪು ಸಣ್ಣದಲ್ಲ.

ಇನ್ನು, ಪಾಲಿಸಿಯಿದ್ದರೂ ಅದರಲ್ಲಿ ವೈಕಲ್ಯವೆಂಬ ಪದಕ್ಕೆ ಯಾವ ಅರ್ಥ ಹೇಳಿದೆಯೆಂಬುದೇ ಮುಖ್ಯವಾದ ವಿಷಯ. ಕೆಲಸಗಾರರ ನಷ್ಟಪರಿಹಾರಕ್ಕೆಂದು ೧೯೨೩ರಲ್ಲಿ ಬಂದ ಕಾಯಿದೆಯಲ್ಲಿ ಅಂಗಗಳ ಪಟ್ಟಿಯೊಂದಿತ್ತು. ಹೆಬ್ಬೆರಳೊಂದು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ ಇಷ್ಟು ಭಾಗ ನಷ್ಟವೆಂದು ಅದು ಹೇಳಿತು. ಆದರೆ ವೀಣೆ ನುಡಿಸಿ ಜೀವಿಸುವವರಿಗೂ ಪಾಠ ಹೇಳಿ ಜೀವಿಸುವ ನಮಗೂ ಹೆಬ್ಬೆರಳಿನ ಬೆಲೆ ಒಂದೇ ಆದೀತೆ? ಇದೇ ಬಗೆಯ ಪ್ರಶ್ನೆ ೧೯೭೫ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಕೆಲಸದಲ್ಲಿ ಬಿದ್ದ ಬಡಗಿಯೊಬ್ಬನ ಎಡಗೈಯನ್ನು ಕತ್ತರಿಸಬೇಕಾಗಿತ್ತು. ಇದು ಆಂಶಿಕ ನಷ್ಟವೆಂದು ಮಾಲೀಕನು ವಾದಿಸಿದನು. ಒಂದೇ ಕೈಯಿಂದ ಮರಗೆಲಸ ಸಾಗದಾದ್ದರಿಂದ ಬಡಗಿಯ ಪಾಲಿಗೆ ಇದು ಪೂರ್ಣ ನಷ್ಟವೇ ಎಂದು ನ್ಯಾಯಾಲಯವು ತೀರ್ಮಾನಿಸಿತು. ಹೋದ ಅಂಗವನ್ನಷ್ಟೇ ಅಲ್ಲ, ಆತನ ವೃತ್ತಿಯನ್ನೂ ನೋಡಬೇಕೆಂಬುದು ಇದರ ಸಾರ.

ಖಾಸಗಿ ವಿಮೆಯಲ್ಲಿ ಈ ಔದಾರ್ಯವನ್ನು ತಾನಾಗಿ ನಿರೀಕ್ಷಿಸಲಾಗದು. ಅಲ್ಲಿ ಬರೆದ ಷರತ್ತೇ ಪ್ರಮಾಣ. ಆದುದರಿಂದ ರುಜು ಹಾಕುವ ಮೊದಲು ನಾಲ್ಕು ಅಂಶಗಳನ್ನು ವಿಚಾರಿಸತಕ್ಕದ್ದು. ಮೊದಲನೆಯದು, ತನ್ನ ವೃತ್ತಿಯನ್ನು ನಡೆಸಲಾರದಿದ್ದರೆ ಹಣ ಬರುವುದೋ, ಯಾವ ಕೆಲಸವನ್ನೂ ಮಾಡಲಾರದಿದ್ದರೆ ಮಾತ್ರ ಬರುವುದೋ? ಕಂಠ ಹೋದ ಉಪಾಧ್ಯಾಯನು ಗುಮಾಸ್ತಗಿರಿ ಮಾಡಬಲ್ಲನೆಂಬ ಕಾರಣದಿಂದ ಎರಡನೆಯ ಬಗೆಯ ಪಾಲಿಸಿ ಅವನನ್ನು ಕೈಬಿಡಬಹುದು. ಎರಡನೆಯದು, ಹಣ ಬರುವುದಕ್ಕೆ ಮೊದಲು ಎಷ್ಟು ದಿನ ಕಾಯಬೇಕು? ಮೂರನೆಯದು, ಎಷ್ಟು ಕಾಲ ಬರುತ್ತದೆ? ಅಪಘಾತದ ಪಾಲಿಸಿಗಳಲ್ಲಿ ವಾರವಾರದ ಭತ್ಯಕ್ಕೆ ಅವಧಿಯ ಮಿತಿಯಿರುತ್ತದೆ. ನಾಲ್ಕನೆಯದು, ರೋಗದಿಂದಾದ ಅಶಕ್ತತೆಯೂ ಸೇರಿದೆಯೇ? ನಮ್ಮ ದೇಶದಲ್ಲಿ ಇದನ್ನು ಸೇರಿಸಿಕೊಂಡ ಪಾಲಿಸಿ ಅಪಘಾತದ ಪಾಲಿಸಿಯಷ್ಟು ಸುಲಭವಾಗಿ ದೊರೆಯದಾದ್ದರಿಂದ ಹುಡುಕಿ ಕೇಳಬೇಕಾಗುತ್ತದೆ.

ಸರ್ಕಾರದ ಏರ್ಪಾಟುಗಳೂ ಕೆಲವಿವೆ. ಜರ್ಮನಿಯು ೧೮೮೯ರಲ್ಲಿಯೇ ಅಶಕ್ತರಾದ ಕಾರ್ಮಿಕರಿಗೆ ವಿಮೆಯ ವಿಶ್ರಾಂತಿವೇತನವನ್ನು ಕಾನೂನಿನಿಂದ ಒದಗಿಸಿತು. ನಮ್ಮಲ್ಲಿ ೧೯೪೮ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ಯೋಜನೆಯು ಕಾಯಿಲೆಯ ಕಾಲದಲ್ಲಿ ಕೂಲಿಯ ನೂರಕ್ಕೆ ೭೦ ಭಾಗವನ್ನು ವರ್ಷಕ್ಕೆ ೯೧ ದಿನಗಳವರೆಗೆ ಕೊಡುತ್ತದೆ. ಕೆಲಸದಲ್ಲಾದ ಗಾಯದಿಂದ ತಾತ್ಕಾಲಿಕವಾಗಿ ಅಶಕ್ತರಾದವರಿಗೆ ನೂರಕ್ಕೆ ೯೦ ಭಾಗ ಸಲ್ಲುತ್ತದೆ. ಆದರೆ ಇದಕ್ಕೆ ಸಂಬಳದ ಮಿತಿಯೊಂದಿರುವುದರಿಂದ ಮಧ್ಯಮ ವರ್ಗದ ಅನೇಕರು ಹೊರಗುಳಿಯುತ್ತಾರೆ. ೨೦೧೫ರ ಪ್ರಧಾನಮಂತ್ರಿ ಸುರಕ್ಷಾ ವಿಮಾ ಯೋಜನೆಗೆ ೨೦೨೨ರಲ್ಲಿ ಗೊತ್ತುಮಾಡಿದ ಕಂತು ವರ್ಷಕ್ಕೆ ೨೦ ರೂಪಾಯಿ. ಅಪಘಾತದಲ್ಲಿ ಎರಡು ಕಣ್ಣು ಅಥವಾ ಎರಡು ಕೈ ಹೋದರೆ ೨ ಲಕ್ಷ, ಒಂದು ಹೋದರೆ ೧ ಲಕ್ಷ ರೂಪಾಯಿ ಬರುತ್ತದೆ. ಕಂತಿಗೆ ಹೋಲಿಸಿದರೆ ಇದು ದೊಡ್ಡದೇ. ಆದರೆ ಮೇಲೆ ಹೇಳಿದ ಗೃಹಸ್ಥರಿಗೆ ೨ ಲಕ್ಷವೆಂದರೆ ನಾಲ್ಕೇ ತಿಂಗಳ ಸಂಬಳ.

ಅಂಗವೈಕಲ್ಯ ಬಂದೊಡನೆ ಬಾಳು ಮುಗಿಯಿತೆಂದು ಯಾರೂ ಭಾವಿಸಬಾರದು. ಸೇವೆಯಲ್ಲಿರುವಾಗ ವಿಕಲರಾದವರನ್ನು ಸರ್ಕಾರಿ ಸಂಸ್ಥೆಗಳು ಕೆಲಸದಿಂದ ತೆಗೆಯಕೂಡದು, ದರ್ಜೆಯನ್ನೂ ಇಳಿಸಕೂಡದು ಎಂದು ೨೦೧೬ರ ಕಾನೂನು ವಿಧಿಸಿದೆ. ಹೊಸ ಕೆಲಸವನ್ನು ಕಲಿತು ಮತ್ತೆ ದುಡಿಮೆಗೆ ನಿಂತವರೂ ನಮ್ಮ ನಡುವೆ ಇದ್ದಾರೆ. ಆದರೆ ಹಾಗೆ ಕಲಿಯುವುದಕ್ಕೆ ಕಾಲ ಬೇಕು, ಆ ಕಾಲದಲ್ಲಿ ಮನೆಯ ಒಲೆ ಉರಿಯುತ್ತಿರಬೇಕು. ಆದಕಾರಣ ಮೊದಲು ಆರು ತಿಂಗಳ ಖರ್ಚಿಗಾಗುವಷ್ಟು ಹಣವನ್ನು ಕೈಗೆ ಸಿಕ್ಕುವಂತೆ ಕೂಡಿಡುವುದು, ಅನಂತರ ಅಪಘಾತಕ್ಕೂ ರೋಗಕ್ಕೂ ಅನ್ವಯಿಸುವ ವಿಮೆಯನ್ನು ಆರೋಗ್ಯವಿರುವಾಗಲೇ ಮಾಡಿಸುವುದು, ಪಾಲಿಸಿಯಿರುವ ಜಾಗವನ್ನು ಮನೆಯವರಿಗೆ ತಿಳಿಸಿಡುವುದು ವಿವೇಕ. ಮನೆಯಲ್ಲಿರುವ ಪಾಲಿಸಿಗಳನ್ನು ಇಂದೇ ತೆರೆದು, ವೈಕಲ್ಯವೆಂಬ ಪದಕ್ಕೆ ಅವುಗಳಲ್ಲಿ ಯಾವ ಅರ್ಥ ಬರೆದಿದೆಯೆಂಬುದನ್ನು ಓದಿ ನೋಡಬೇಕೆಂದು ಶ್ರೋತೃಗಳಲ್ಲಿ ನಮ್ಮ ವಿನಂತಿ.